ಲೇಖ್ಯಪ್ರಾಮಾಣ್ಯವೂ ಇ-ಮೇಲ್ ಪತ್ರಗಳೂ

ವ್ಯವಹಾರನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಲಿಖಿತವೆಲ್ಲವೂ ಪ್ರಮಾಣವಾಗದು; ಅದು ಪ್ರಮಾಣವಾಗುವುದು ಯಾವಾಗ ಎಂಬುದನ್ನು ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವಿಚಾರಿಸಿದ್ದಾನೆ. ಈಗ ಕಛೇರಿಗಳ ಪತ್ರವ್ಯವಹಾರವು ಬಹುಮಟ್ಟಿಗೆ ಇ-ಮೇಲಿನ ಮೂಲಕ ನಡೆಯುತ್ತಿರುವುದರಿಂದ ಅದೇ ಪ್ರಶ್ನೆಯು ಹೊಸ ವೇಷದಲ್ಲಿ ಬಂದಿದೆ. ಇದರ ನಿರ್ಣಯಕ್ಕೆ ಅಮೆರಿಕಾದಲ್ಲಿ ನಡೆದ ಒಂದು ವ್ಯಾಜ್ಯವನ್ನು ನಮ್ಮ ಶಾಸ್ತ್ರದೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮತ. ವಿಜ್ಞಾನೇಶ್ವರನು ಲೇಖ್ಯವನ್ನು ಶಾಸನವೆಂದೂ ಜಾನಪದವೆಂದೂ ಎರಡಾಗಿ ವಿಂಗಡಿಸುತ್ತಾನೆ. ಜಾನಪದಲೇಖ್ಯವಾದ ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳೂ, ಕೊಟ್ಟವನ ಮತ್ತು ಕೊಂಡವನ ಹೆಸರು, ತಂದೆಯ ಹೆಸರು, ಗೋತ್ರ ಮುಂತಾದುವೂ ಇರಬೇಕು. ಸಾಲಗಾರನು ಸ್ವಹಸ್ತದಿಂದ ಒಪ್ಪಿಗೆ ಬರೆಯಬೇಕು, ಸಾಕ್ಷಿಗಳೂ ಹಾಗೆಯೇ, ಕೊನೆಯಲ್ಲಿ ಲೇಖಕನು ತನ್ನ ಹೆಸರನ್ನು ಹೇಳಬೇಕು. ಪತ್ರವು ಸುಟ್ಟರೆ, ಹರಿದರೆ, ಅಳಿಸಿಹೋದರೆ ಬೇರೊಂದನ್ನು ಮಾಡಿಸಬೇಕು. ಸಂದೇಹ ಬಂದಲ್ಲಿ ಕೈಬರಹ, ಚಿಹ್ನೆ, ಉಭಯರ ಪೂರ್ವಸಂಬಂಧ ಇವುಗಳಿಂದ ಪರೀಕ್ಷಿಸಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಇಷ್ಟರಿಂದ ತಿಳಿಯುವುದೇನೆಂದರೆ, ಪತ್ರದ ಪ್ರಾಮಾಣ್ಯವು ಅದರ ಒಕ್ಕಣೆಯೊಂದರಲ್ಲಿಯೇ ಇಲ್ಲ. ಯಾರು, ಯಾರಿಗೆ, ಎಂದು, ಯಾರ ಕೈಯಿಂದ ಎಂಬ ಅಂಗಗಳಲ್ಲಿಯೂ ಇದೆ.

ಇನ್ನು ವ್ಯಾಜ್ಯದ ವೃತ್ತಾಂತ. ಅಧ್ಯಕ್ಷ ರೇಗನ್‌ರ ಆಡಳಿತದಲ್ಲಿ ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಲಿಯ ನೌಕರರು ಐಬಿಎಮ್ ಕಂಪೆನಿಯ ‘ಪ್ರಾಫ್ಸ್’ ಎಂಬ ವ್ಯವಸ್ಥೆಯಲ್ಲಿ ಪರಸ್ಪರ ಇ-ಮೇಲ್ ಬರೆಯುತ್ತಿದ್ದರು. ಇರಾನಿಗೆ ಗುಟ್ಟಾಗಿ ಆಯುಧಗಳನ್ನು ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ನಿಕರಾಗುವದ ಬಂಡಾಯಗಾರರಿಗೆ ಕಳುಹಿಸಿದ ಸಂಗತಿಯು 1986ರ ನವೆಂಬರಿನಲ್ಲಿ ಬಯಲಾಯಿತು. ಆಗ ಭದ್ರತಾ ಸಲಹೆಗಾರ ಪಾಯಿನ್‌ಡೆಕ್ಸ್ಟರನೂ ಅವನ ಕೈಕೆಳಗಿನ ಆಲಿವರ್ ನಾರ್ತನೂ 5,000ಕ್ಕೂ ಹೆಚ್ಚು ಸಂದೇಶಗಳನ್ನು ಅಳಿಸಿದರು. ಆದರೆ ಯಂತ್ರದ ರಕ್ಷಣೆಗಾಗಿ ತೆಗೆದಿಟ್ಟಿದ್ದ ಟೇಪುಗಳಲ್ಲಿ ಅವುಗಳ ಪ್ರತಿಗಳು ಉಳಿದಿದ್ದುವು. 1987ರಲ್ಲಿ ವರದಿಯನ್ನೊಪ್ಪಿಸಿದ ಟವರ್ ಆಯೋಗಕ್ಕೆ ಅವೇ ಆಧಾರವಾಗಿ ಒದಗಿದುವು.

1989ರ ಜನವರಿಯಲ್ಲಿ ರೇಗನ್‌ರು ಅಧಿಕಾರ ಬಿಡುವ ಮುನ್ನಾದಿನ, ಈ ಟೇಪುಗಳನ್ನು ನಾಶಮಾಡಬಾರದೆಂದು ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು ನ್ಯಾಷನಲ್ ಸೆಕ್ಯೂರಿಟಿ ಆರ್ಕೈವ್ ಎಂಬ ಸಂಸ್ಥೆಯವರು ದಾವೆ ಹೂಡಿದರು. ಮುಖ್ಯವಾದುದನ್ನು ಕಾಗದದಲ್ಲಿ ಅಚ್ಚಿಳಿಸಿಕೊಂಡರೆ ಸಾಕು, ಯಂತ್ರದಲ್ಲಿರುವುದನ್ನು ಅಳಿಸಬಹುದೆಂಬುದು ಸರಕಾರದ ವಾದವಾಗಿತ್ತು. 1993ರ ಜನವರಿಯಲ್ಲಿ ನ್ಯಾಯಾಧೀಶ ರಿಚಿಯವರೂ ಆಗಸ್ಟಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಈ ವಾದವನ್ನು ತಳ್ಳಿಹಾಕಿದುವು. ಕಾಗದದ ನಕಲಿನಲ್ಲಿ ಕಳುಹಿಸಿದವರ ಮತ್ತು ಪಡೆದವರೆಲ್ಲರ ಪೂರ್ಣನಾಮಗಳಾಗಲಿ, ತಲುಪಿದ ಹೊತ್ತಾಗಲಿ ಬಾರದೆ ಹೋಗಬಹುದು. ಆದುದರಿಂದ ಅದು ಅಸಲಿಗೆ ಸಮನಲ್ಲವೆಂಬುದು ತೀರ್ಪಿನ ಸಾರ. ಯಾವ ಅಧಿಕಾರಿಗೆ ಯಾವ ವಿಷಯವು ಎಂದು ತಿಳಿದಿತ್ತೆಂಬುದೇ ಇತಿಹಾಸದ ಪ್ರಶ್ನೆಯಾದಾಗ, ಲೋಪವಾದುದು ಅದರ ಉತ್ತರವೇ. ಪುಷ್ಪಿಕೆಯಿರುವ ಕಡೆಯ ಗರಿ ಕಳೆದುಹೋದ ಓಲೆಕಟ್ಟನ್ನು ಸಂಪಾದಿಸಿದವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.

ಭಾರತದ ಶಾಸನವೂ ಈ ಅಂಗಗಳನ್ನು ಬಿಟ್ಟಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿತು. ಅದನ್ನು ಕಾದಿಡುವಾಗ ಹೊರಟ ಎಡೆ, ಸೇರಿದ ಎಡೆ, ದಿನಾಂಕ, ಹೊತ್ತು ಇವುಗಳ ವಿವರವೂ ಉಳಿದಿರಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಇಂತಹ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದೇ ಅಧಿನಿಯಮದಂತೆ, ತಲುಪಿದ ಸಂದೇಶವು ಕಳುಹಿಸಿದವನ ಯಂತ್ರಕ್ಕೆ ಊಡಿದ ಸಂದೇಶವೇ ಎಂದು ನ್ಯಾಯಾಲಯವು ಭಾವಿಸಬಹುದು. ಕಳುಹಿಸಿದ ವ್ಯಕ್ತಿ ಇಂಥವನೇ ಎಂದು ಮಾತ್ರ ಭಾವಿಸಕೂಡದು. ಅದನ್ನು ಬೇರೆಯಾಗಿ ಸಿದ್ಧಪಡಿಸಬೇಕು. ಸ್ವಹಸ್ತವನ್ನು ಕೇಳಿದ ಸ್ಮೃತಿಕಾರನ ಶಂಕೆಯೂ ಇದೇ ಅಲ್ಲವೆ?

ಹಾಗೆಂದು ಬಂದುದನ್ನೆಲ್ಲ ಎಂದೆಂದಿಗೂ ಕೂಡಿಡಬೇಕೆಂದು ಅರ್ಥವಲ್ಲ. ಸಾಲ ತೀರಿದ ಪತ್ರವನ್ನು ಹರಿಯುವುದು ವಿಧಿ. ತೀರದಿರುವಾಗ ಹರಿಯುವುದು ವಂಚನೆ. ಕಛೇರಿಯ ಇ-ಮೇಲುಗಳಿಗೂ ಇದೇ ನ್ಯಾಯ. ವ್ಯವಹಾರಕ್ಕೆ ಸಂಬಂಧಿಸಿದುವನ್ನು ಬರೆದವನ ಇಚ್ಛೆಗೆ ಬಿಡದೆ, ಹೆಸರು, ಹೊತ್ತು, ಲಗತ್ತುಗಳೊಡನೆ ಆಯಾ ವಿಷಯದ ಕಡತಕ್ಕೆ ಸೇರಿಸಬೇಕು. ತಿದ್ದಲು ಎಡೆಯಿಲ್ಲದಂತೆ ಕಾಯಬೇಕು. ಮೊದಲೇ ಗೊತ್ತುಮಾಡಿದ ಅವಧಿ ಕಳೆದ ಬಳಿಕ, ಅಧಿಕಾರವುಳ್ಳವರ ಅಪ್ಪಣೆಯಿಂದ ಮಾತ್ರ ಅಳಿಸಬೇಕು. 1986ರ ಸಂದೇಶಗಳು ಉಳಿದುದು ಯಂತ್ರಪಾಲಕರ ವಾಡಿಕೆಯಿಂದ, ದಫ್ತರದ ನಿಯಮದಿಂದಲ್ಲ. ಮುಂದಿನ ಇತಿಹಾಸಕಾರನಿಗೆ ಅಂತಹ ಆಕಸ್ಮಿಕವೊಂದೇ ಗತಿಯಾಗಬಾರದು.