ಮನೆಯ ಗಣಕದಲ್ಲಿ ಸಂಗೀತ: ಧ್ವನಿಯ ವಿಳಂಬ ತಗ್ಗಿಸುವುದು ಹೇಗೆ?

ಮನೆಯ ಗಣಕಯಂತ್ರದಲ್ಲೇ ಹಾಡು ಮುದ್ರಿಸಿಕೊಳ್ಳಲು ಹೊರಟವರು ಮೊದಲು ಎದುರಿಸುವ ತೊಡಕು ಧ್ವನಿಯ ವಿಳಂಬ. ಮೈಕಿನ ಮುಂದೆ ಹಾಡಿದ ಸ್ವರ ಹೆಡ್‌ಫೋನಿನಲ್ಲಿ ತುಸು ತಡವಾಗಿ ಕೇಳಿಸುತ್ತದೆ. ಕೀಬೋರ್ಡಿನ ಮನೆ ಒತ್ತಿದ ಅನಂತರ ನಾದ ಹೊಮ್ಮುತ್ತದೆ. ತಾಂತ್ರಿಕ ಪರಿಭಾಷೆಯಲ್ಲಿ ಇದಕ್ಕೆ ‘ಲೇಟೆನ್ಸಿ’ ಎಂದು ಹೆಸರು. ಇದರ ಅಳತೆ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಇಷ್ಟು ಅಲ್ಪ ಕಾಲದಿಂದ ಏನಾದೀತು ಎಂದು ಉಪೇಕ್ಷಿಸುವಂತಿಲ್ಲ. ನಿಮಿಷಕ್ಕೆ 120 ಪೆಟ್ಟುಗಳ ವೇಗದಲ್ಲಿ ಒಂದು ಪೆಟ್ಟಿಗೆ ದೊರೆಯುವುದು 500 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ಅದು ನಾಲ್ಕಾಗಿ ಒಡೆದಾಗ ಒಂದೊಂದು ಸ್ವರದ ಪಾಲಿಗೆ ಬರುವುದು 125. ಧ್ವನಿ 40 ಮಿಲಿಸೆಕೆಂಡ್ ತಡವಾದರೆ ಸ್ವರದ ಸುಮಾರು ಮೂರನೆಯ ಒಂದು ಭಾಗವೇ ಜಾರಿದಂತಾಯಿತು. ತಾಳ ಬಲ್ಲವರೂ ಇಲ್ಲಿ ಎಡವುತ್ತಾರೆ.

ಎಷ್ಟು ವಿಳಂಬ ಸಹ್ಯ?

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 10 ಮಿಲಿಸೆಕೆಂಡ್ ಎಂದರೆ ವೇದಿಕೆಯ ಮೇಲೆ ಮೂರೂವರೆ ಮೀಟರ್ ದೂರದಲ್ಲಿ ಕುಳಿತ ಪಕ್ಕವಾದ್ಯ ಕೇಳಿದಷ್ಟು. ಹೀಗಾಗಿ ಈ ಮಿತಿಯೊಳಗಿನ ವಿಳಂಬ ಹೆಚ್ಚಿನ ವಾದಕರನ್ನು ಬಾಧಿಸದು. ಗಾಯಕರ ಸ್ಥಿತಿ ಬೇರೆ. ತಮ್ಮ ದನಿ ತಲೆಯ ಮೂಳೆಗಳ ಮೂಲಕವೂ ಅವರ ಕಿವಿಗೆ ತಲುಪುವುದರಿಂದ, ಎರಡೂ ಬೆರೆತು ಕಡಿಮೆ ವಿಳಂಬದಲ್ಲೂ ದನಿ ಟೊಳ್ಳಾದಂತೆ ಭಾಸವಾಗಬಹುದು.

ಕಾರಣವೇನು?

ಗಣಕವು ಧ್ವನಿಯನ್ನು ಸಂಖ್ಯೆಗಳಾಗಿ ಪರಿವರ್ತಿಸಿ, ಒಂದಿಷ್ಟು ಸ್ಯಾಂಪಲ್‌ಗಳನ್ನು ‘ಬಫರ್’ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಕೂಡಿಟ್ಟು, ಅನಂತರ ಒಟ್ಟಾಗಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ ಬಫರ್ ತುಂಬಲು ಹಿಡಿಯುವ ಕಾಲ ಹೀಗಿದೆ:

* 128 ಸ್ಯಾಂಪಲ್: 2.9 ಮಿಲಿಸೆಕೆಂಡ್
* 256 ಸ್ಯಾಂಪಲ್: 5.8 ಮಿಲಿಸೆಕೆಂಡ್
* 512 ಸ್ಯಾಂಪಲ್: 11.6 ಮಿಲಿಸೆಕೆಂಡ್
* 1024 ಸ್ಯಾಂಪಲ್: 23.2 ಮಿಲಿಸೆಕೆಂಡ್

ಧ್ವನಿ ಒಳಬರುವಾಗ ಒಮ್ಮೆ, ಹೊರಹೋಗುವಾಗ ಮತ್ತೊಮ್ಮೆ ಬಫರ್ ದಾಟಬೇಕು. ಪರಿವರ್ತನೆಯ ಕಾಲವೂ ಸೇರುವುದರಿಂದ ಒಟ್ಟು ವಿಳಂಬವು ಮೇಲಿನ ಅಂಕಿಯ ಎರಡು ಪಟ್ಟಿಗಿಂತ ಹೆಚ್ಚಾಗಿಯೇ ಇರುತ್ತದೆ.

ಡ್ರೈವರ್‌ನ ಪಾತ್ರ

ವಿಂಡೋಸ್‌ನ ಸಾಮಾನ್ಯ ಮಾರ್ಗದಲ್ಲಿ ಎಲ್ಲ ತಂತ್ರಾಂಶಗಳ ಧ್ವನಿಯನ್ನೂ ಮೊದಲು ಬೆರೆಸಲಾಗುತ್ತದೆ. ಇದು ವಿಳಂಬಕ್ಕೆ ಎಡೆಗೊಡುತ್ತದೆ. ಈ ಹಂತವನ್ನು ಬದಿಗಿಟ್ಟು ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವ ‘ಏಸಿಯೊ’ ವ್ಯವಸ್ಥೆಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಪರಿಚಯಿಸಿತು. ಆಡಿಯೊ ಇಂಟರ್‌ಫೇಸ್ ಕೊಂಡವರು ಅದರ ತಯಾರಕರೇ ನೀಡುವ ಏಸಿಯೊ ಡ್ರೈವರ್ ಬಳಸುವುದು ಸೂಕ್ತ. ಅಂಥದ್ದು ಇಲ್ಲದಿದ್ದಲ್ಲಿ ಉಚಿತವಾದ ‘ಏಸಿಯೊ ಫೋರ್ ಆಲ್’ ಪ್ರಯತ್ನಿಸಬಹುದು. ಮ್ಯಾಕ್ ಗಣಕಗಳಲ್ಲಿ ‘ಕೋರ್ ಆಡಿಯೊ’ ಅಂತರ್ಗತವಾಗಿದೆ. ಲಿನಕ್ಸ್ ಬಳಕೆದಾರರಿಗೆ ‘ಜ್ಯಾಕ್’ ಹಾಗೂ ‘ಪೈಪ್‌ವೈರ್’ ಲಭ್ಯ.

ಅನುಸರಿಸಬೇಕಾದ ಕ್ರಮಗಳು

* ಮುದ್ರಣದ ವೇಳೆ ಬಫರನ್ನು 64 ಅಥವಾ 128ಕ್ಕೆ ಇಳಿಸಿ; ಮಿಕ್ಸಿಂಗ್ ವೇಳೆ 512 ಅಥವಾ 1024ಕ್ಕೆ ಏರಿಸಿ.
* ಇಂಟರ್‌ಫೇಸ್‌ನಲ್ಲಿ ‘ಡೈರೆಕ್ಟ್ ಮಾನಿಟರಿಂಗ್’ ಸೌಲಭ್ಯವಿದ್ದರೆ ಬಳಸಿ. ಆಗ ಗಾಯಕರ ದನಿ ಗಣಕವನ್ನು ಸುತ್ತಿ ಬಾರದೆ ನೇರವಾಗಿ ಕಿವಿಗೆ ತಲುಪುತ್ತದೆ. ತಂತ್ರಾಂಶದ ಮಾನಿಟರಿಂಗನ್ನು ಆರಿಸಲು ಮರೆಯದಿರಿ. ಇಲ್ಲವಾದರೆ ದನಿ ಎರಡು ಬಾರಿ ಕೇಳಿಸುತ್ತದೆ.
* ತಂತಿಯುಳ್ಳ ಹೆಡ್‌ಫೋನನ್ನೇ ಧರಿಸಿ. ಬ್ಲೂಟೂತ್ ಸಾಧನಗಳಲ್ಲಿ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಮೀರುತ್ತದೆ.
* ಯುಎಸ್‌ಬಿ ಕೇಬಲನ್ನು ಹಬ್‌ಗೆ ಬದಲಾಗಿ ಗಣಕಕ್ಕೇ ಜೋಡಿಸಿ.
* ಲ್ಯಾಪ್‌ಟಾಪ್ ವಿದ್ಯುತ್ ಸಂಪರ್ಕದಲ್ಲಿರಲಿ. ವಿದ್ಯುತ್ ಉಳಿತಾಯದ ಆಯ್ಕೆ, ವೈ-ಫೈ ಹಾಗೂ ಇತರ ತಂತ್ರಾಂಶಗಳನ್ನು ನಿಲ್ಲಿಸಿ.
* ಭಾರವಾದ ಪ್ಲಗ್‌ಇನ್‌ಗಳನ್ನು ಮುದ್ರಣ ಮುಗಿಯುವವರೆಗೆ ತೆಗೆದಿಡಿ.

ಎಚ್ಚರಿಕೆ

ಬಫರ್ ಅತಿಯಾಗಿ ಇಳಿದರೆ ಸಂಸ್ಕಾರಕಕ್ಕೆ ಸಮಯ ಸಾಲದೆ ‘ಚಟಪಟ’ ಸದ್ದು ನುಸುಳುತ್ತದೆ. ಮುದ್ರಿತ ಧ್ವನಿಯಲ್ಲೇ ಅದು ಸೇರಿಬಿಟ್ಟರೆ ಚೆನ್ನಾಗಿ ಮೂಡಿಬಂದ ಹಾಡನ್ನೂ ಮತ್ತೆ ಹಾಡಬೇಕಾದೀತು. ಆದ್ದರಿಂದ ಒಂದೊಂದೇ ಹಂತ ಇಳಿಸುತ್ತಾ, ಸದ್ದು ಕಾಣಿಸಿದೊಡನೆ ಒಂದು ಹಂತ ಮೇಲೇರಿಸುವುದು ಕ್ಷೇಮ. ಹೆಚ್ಚು ಬೆಲೆಯ ಗಣಕ ಕೊಳ್ಳುವ ಯೋಚನೆ ಇರುವವರು ಅದಕ್ಕೂ ಮುನ್ನ ಈ ಕ್ರಮಗಳನ್ನು ಪರೀಕ್ಷಿಸಿ ನೋಡುವುದು ಒಳಿತು.