ಎತ್ತರದ ವ್ಯಾಜ್ಯ

ವಿಜಯಪುರದಲ್ಲಿ ಕಟ್ಟಡದ ಎತ್ತರವನ್ನು ಕುರಿತ ವಾದ ಇಂದು ನಿನ್ನೆಯದಲ್ಲ. ಎರಡನೆಯ ಅಲಿ ಆದಿಲಶಾಹನ ಬಾರಾ ಕಮಾನು ಪೂರ್ಣಗೊಂಡಿದ್ದರೆ ಅದರ ನೆರಳು ಅವನ ತಂದೆ ಮಹಮ್ಮದನ ಗೋಲಗುಮ್ಮಟದ ಮೇಲೆ ಬೀಳುತ್ತಿತ್ತು, ಅದಕ್ಕೆಂದೇ ಕೆಲಸ ನಿಂತಿತು ಎಂಬುದು ಊರವರ ಕಥೆ. ಎರಡರ ನಡುವೆ ಮೈಲಿಯಷ್ಟು ದೂರವಿದೆ. ನೆರಳು ಅಲ್ಲಿಗೆ ಮುಟ್ಟುವುದೆಂತು? ಬಾರಾ ಕಮಾನು ಪಶ್ಚಿಮಕ್ಕಿರುವುದರಿಂದ, ಸೂರ್ಯ ಮುಳುಗುವ ಹೊತ್ತಿನ ಮಾತಾದರೆ ಬೇರೆ! ಅಲಿ 1672ರಲ್ಲಿ ತೀರಿಕೊಂಡ; 1686ರಲ್ಲಿ ರಾಜ್ಯವೇ ಔರಂಗಜೇಬನ ಪಾಲಾಯಿತು. ಕಮಾನುಗಳು ಬಯಲಿಗೆ ಬಿದ್ದಂತೆಯೇ ಉಳಿದವು. ಆದರೂ ಹಿರಿಯರ ಗೋರಿಯನ್ನು ಮೀರಿ ಕಟ್ಟಬಾರದೆಂಬ ಜನರ ಭಾವನೆ ಆ ಕಥೆಯಲ್ಲಿ ಅಡಗಿದೆ.

1885ರಲ್ಲಿ ಜಿಲ್ಲೆಯ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಬಂದಾಗ ಆಂಗ್ಲರು ಹಳೆಯ ಮಹಲುಗಳನ್ನೇ ಕಚೇರಿ ಮಾಡಿಕೊಂಡರು. ನಿಜವಾದ ತಕರಾರು ಬಂದದ್ದು ಬಹಳ ತಡವಾಗಿ. 1992ರ ಅಧಿಸೂಚನೆ ಸಂರಕ್ಷಿತ ಸ್ಮಾರಕದಿಂದ 100 ಮೀಟರನ್ನು ನಿಷೇಧಿತವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತವೆಂದೂ ಸಾರಿತು. 2010ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಹೆಜ್ಜೆಗೊಂದು ಸ್ಮಾರಕವಿರುವ ಊರಿನಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ತಿಕೋಟೆ, ಬಬಲೇಶ್ವರಗಳಿಂದ ಬಂದು ಕೋಟೆಯೊಳಗೆ ನೆಲೆಸಿದವನು ಮಗನಿಗಾಗಿ ಒಂದು ಕೋಣೆ ಏರಿಸಬೇಕೆಂದರೂ ಈ ಅಳತೆಗೆ ಸಿಕ್ಕಿಬೀಳುತ್ತಾನೆ. ನಿಷೇಧಿತ ವಲಯದಲ್ಲಿ ಬಹುಮಹಡಿ ಕಟ್ಟಡಕ್ಕೂ ಅವನ ಕೋಣೆಗೂ ಭೇದವಿಲ್ಲ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಅದೇ 2010ರ ಕಾನೂನು ಒಂದೊಂದು ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿಗಳನ್ನು ರಚಿಸಲು ಹೇಳುತ್ತದೆ. ಎತ್ತರದ ಲೆಕ್ಕ ಅಲ್ಲಿ ಊರವರ ಎದುರಿಗೇ ಆಗಬೇಕು. ಅದಕ್ಕೆ ಮೊದಲು ಸಂಬಂಧಪಟ್ಟವರು 1584ರ ಉಪಲಿ ಬುರುಜಿನ ಸುತ್ತುಮೆಟ್ಟಿಲುಗಳನ್ನು ಹತ್ತಲಿ. ಸುಮಾರು 80 ಅಡಿ ಎತ್ತರದಿಂದ ಗುಮ್ಮಟವೂ ಕಾಣುತ್ತದೆ, ಮನೆಗಳ ಮಾಳಿಗೆಗಳೂ ಕಾಣುತ್ತವೆ.