ಮಾರಾಟವಾದ ನಿಗಮ, ಮನೆಗೆ ಬಂದ ತಂತಿ



ಟಾಟಾ ಕಮ್ಯುನಿಕೇಶನ್ಸ್ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅದರ ಮೂಲ ಹೆಸರು ವಿದೇಶ ಸಂಚಾರ ನಿಗಮ, ಅಂದರೆ ವಿ.ಎಸ್.ಎನ್.ಎಲ್. ಹೊರದೇಶಗಳ ಕರೆಗಳನ್ನು ನಿರ್ವಹಿಸಲು 1986ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯೇ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆಯಿತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಅವಕಾಶ ದೊರೆಯುವವರೆಗೆ ಅದಕ್ಕೆ ಪ್ರತಿಸ್ಪರ್ಧಿಗಳಿರಲಿಲ್ಲ.

ಆದರೂ ಅದಕ್ಕೊಂದು ವಿಚಿತ್ರ ಕೊರತೆಯಿತ್ತು. ಸಮುದ್ರದಡಿಯ ಕೇಬಲ್ಲುಗಳಲ್ಲಿ ಪಾಲಿತ್ತು, ಉಪಗ್ರಹ ಭೂಕೇಂದ್ರಗಳಿದ್ದವು. ಗ್ರಾಹಕನ ಮನೆಗೆ ಹೋಗುವ ತಂತಿ ಮಾತ್ರ ದೂರಸಂಪರ್ಕ ಇಲಾಖೆಯದು. ದೊಡ್ಡ ಬಾವಿಯಿದ್ದೂ ಹಗ್ಗವನ್ನು ನೆರೆಮನೆಯಿಂದ ತರಬೇಕಾದ ಸ್ಥಿತಿ! ಮೋಡೆಮ್ಮಿನ ಕಿರುಚಾಟ ಕೇಳಿದವರಿಗೆ ನೆನಪಿರಬಹುದು: ಸಂಪರ್ಕ ದೊರೆತೊಡನೆ ಎರಡು ಲೆಕ್ಕ ಓಡುತ್ತಿದ್ದವು, ಅಂತರಜಾಲದ ಗಂಟೆಗಳದೊಂದು, ದೂರವಾಣಿ ಕರೆಯದೊಂದು.

2002ರ ಫೆಬ್ರವರಿಯಲ್ಲಿ ಸರ್ಕಾರ ಅದರ ಶೇ. 25ರಷ್ಟು ಪಾಲನ್ನು 1,439 ಕೋಟಿ ರೂಪಾಯಿಗೆ ಟಾಟಾ ಸಮೂಹಕ್ಕೆ ಮಾರಿತು. ಆಡಳಿತವೂ ಅವರ ಕೈಸೇರಿತು. ಕೆಲವೇ ತಿಂಗಳಲ್ಲಿ ಹೊಸ ಆಡಳಿತ ಮಂಡಳಿ ನಿಗಮದ 1,200 ಕೋಟಿ ರೂಪಾಯಿಯನ್ನು ಟಾಟಾ ಟೆಲಿಸರ್ವಿಸಸ್‌ನಲ್ಲಿ ತೊಡಗಿಸಲು ನಿರ್ಧರಿಸಿದಾಗ ದಿಲ್ಲಿಯಲ್ಲಿ ದೊಡ್ಡ ಗದ್ದಲವಾಯಿತು. ಆ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗದ್ದಲ ಸಹಜವೆಂದೇ ನನಗನ್ನಿಸುತ್ತದೆ. ನಿಗಮದ ಸುಮಾರು 773 ಎಕರೆ ಹೆಚ್ಚುವರಿ ಭೂಮಿಯನ್ನು ಮಾರಾಟದಿಂದ ಹೊರಗಿಟ್ಟದ್ದು ಮಾತ್ರ ವಿವೇಕದ ಕೆಲಸ; ಅದನ್ನು ಬೇರ್ಪಡಿಸಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತೆಂಬುದು ಬೇರೆ ಮಾತು.

ಮನೆಯ ಬಾಗಿಲಿಗೆ ದಾರಿ ಹುಡುಕುತ್ತ ನಿಗಮವು 2004ರಲ್ಲಿ ಚೆನ್ನೈಯ ಡಿಶ್‌ನೆಟ್ ಡಿ.ಎಸ್.ಎಲ್. ಸಂಸ್ಥೆಯ ಅಂತರಜಾಲ ವ್ಯವಹಾರವನ್ನು 270 ಕೋಟಿ ರೂಪಾಯಿಗೆ ಕೊಂಡಿತು. ಕೊಂಡವರೂ ಎರಡು ವರ್ಷದ ಹಿಂದೆ ಮಾರಾಟವಾದವರೇ!

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದದ್ದು ಬಹುಮಟ್ಟಿಗೆ ಮಾರಾಟವಾಗದೆ ಉಳಿದ ತಂತಿಯಲ್ಲಿ. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ದೇಶದಲ್ಲಿ ಆರಂಭಿಸಿದ ಡೇಟಾಒನ್ ಸೇವೆ ಹಳೆಯ ತಾಮ್ರದ ಜೋಡಿತಂತಿಯನ್ನೇ ಬಳಸಿತು. ಮಾತಿಗೆ ಕೆಳಗಿನ ಕಂಪನಾಂಕ, ಮಾಹಿತಿಗೆ ಮೇಲಿನದು. ಎರಡನ್ನೂ ಬೇರ್ಪಡಿಸಲು ಗೋಡೆಯ ಬಳಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಕುಗ್ಗುತ್ತಿತ್ತು. ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಮಿತಿಯಿಲ್ಲದ ಯೋಜನೆಗಳಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಕೂಡ ಓದಲು ಏಳದಿದ್ದ ನಿಮ್ಮಲ್ಲಿ ಕೆಲವರು ಅದಕ್ಕಾಗಿ ಗಡಿಯಾರಕ್ಕೆ ಅಲಾರಂ ಇಟ್ಟದ್ದನ್ನು ನಾನು ಬಲ್ಲೆ.

2021ರ ಮಾರ್ಚಿನಲ್ಲಿ ಸರ್ಕಾರ ಹಳೆಯ ನಿಗಮದಲ್ಲಿ ತನಗುಳಿದಿದ್ದ ಶೇ. 26.12ರಷ್ಟು ಪಾಲನ್ನೂ ಮಾರಿ ಹೊರಬಂದಿತು.